ದೊಡ್ಡಪ್ಪನ ಹೊಟ್ಟೆ ಮೇಲಿನ ಗೆರೆ

(ಪೋಸ್ಟ್ 1)

ಫೋಟೋದಲ್ಲಿ ಕಾಣ್ತಿರೋದು ನಮ್ಮ ದೊಡ್ಡಪ್ಪನ ಹೊಟ್ಟೆ. ಅನುಮತಿ ತಗೊಂಡೇ ಹಾಕಿದ್ದೀನಿ. ಮೊದಲು "ಮುಖ ಬರದಂಗೆ ತೆಗಿ" ಅಂದ್ರು. ಆಮೇಲೆ "ಮೀಸೆ ಬಂದ್ರೆ ಬರ್ಲಿ ಬಿಡು" ಅಂದ್ರು. ಕ್ರಾಪ್ ಮಾಡಿದ್ದೀನಿ, ಮೀಸೆ ಬಂದಿಲ್ಲ.

ಎದೆಗೂಡಿನ ಕೆಳಗೆ ಶುರುವಾಗಿ ಹೊಕ್ಕುಳನ್ನ ಬಳಸಿಕೊಂಡು ಇಳಿದಿರೋ ಆ ಗೆರೆ ನನ್ನ ಒಂದು ಗೇಣಿಗಿಂತ ಉದ್ದ ಇದೆ. ಪಕ್ಕದಲ್ಲಿ ಎರಡು ಚುಕ್ಕೆ, ಡ್ರೈನ್ ಪೈಪ್ ಹಾಕಿದ್ದ ಜಾಗ. ಮೂರು ವರ್ಷದ ಹಿಂದೆ ಈ ಗೆರೆ ಆಗಲೇಬಾರದು ಅಂತ ನಾನು ಒಬ್ಬ ಸರ್ಜನ್ ಜೊತೆ ಜಗಳಕ್ಕೇ ನಿಂತಿದ್ದೆ. ಆಗ ನಾನು ಫೈನಲ್ ಇಯರ್ ಎಂಬಿಬಿಎಸ್. ಈಗ ಸರ್ಜರಿ ಪಿಜಿ ಮೊದಲ ವರ್ಷ. ಆ ಜಗಳದ ಕಥೆ ಬರೀತೀನಿ ಅಂತ ನಮ್ಮ ಬ್ಯಾಚ್‌ನವರಿಗೆ ತುಂಬಾ ದಿನದಿಂದ ಹೇಳ್ತಾನೇ ಇದ್ದೆ. ಒಂದು ಕ್ಯಾಪ್ಶನ್‌ನಲ್ಲಿ ಹಿಡಿಯಲ್ಲ, ಹಾಗಾಗಿ ಆರು ಪೋಸ್ಟ್ ಮಾಡ್ತಿದ್ದೀನಿ. ಡಾಕ್ಟ್ರಲ್ಲದ ಫಾಲೋವರ್‌ಗಳೂ ಓದಿ, ಕಷ್ಟದ ಪದ ಬಂದಾಗ ಬಿಡಿಸಿ ಹೇಳ್ತೀನಿ.

ಜಗಳಕ್ಕಿಂತ ಮುಂಚೆ ಇನ್ನೊಂದು ತಪ್ಪು ಇದೆ. ಅದನ್ನ ಬಿಟ್ಟು ಬರೆದ್ರೆ ಇದು ಸುಳ್ಳು ಪೋಸ್ಟ್ ಆಗುತ್ತೆ.

ಒಂದು ಸಂಜೆ ದೊಡ್ಡಪ್ಪ ಫೋನ್ ಮಾಡಿದ್ರು. ಮಂಡ್ಯ ಕಡೆ ಕಬ್ಬು ಬೆಳೆಯೋರು, ಸುಮ್ಮನೆ ಫೋನ್ ಮಾಡೋ ಜನ ಅಲ್ಲ. "ಕಾಮಾಲೆ ಆಗದೆ ಕಣವ್ವ. ಕಣ್ಣು ಹಳದಿ. ಮೈ ಕೆರೆತ ಬಿಡ್ತಿಲ್ಲ" ಅಂದ್ರು. ನಾನು ಕೇಳಿದ ಮೊದಲ ಪ್ರಶ್ನೆ, ಹೊಟ್ಟೆ ನೋವಿದೆಯಾ? "ಇಲ್ಲ ಕಣವ್ವ, ನೋವು ಗೀವು ಏನೂ ಇಲ್ಲ." ನಾನು ನಿರಾಳವಾಗಿ ಹೇಳಿದೆ, "ನೋವಿಲ್ಲ ಅಂದ್ರೆ ಭಯ ಇಲ್ಲ ದೊಡ್ಡಪ್ಪ. ಎಣ್ಣೆ ಪದಾರ್ಥ ಬಿಡಿ, ರೆಸ್ಟ್ ತಗೊಳ್ಳಿ."

ಮೆಡಿಕಲ್ ಓದ್ತಿರೋರು ಈಗಲೇ ತಲೆ ಚಚ್ಚಿಕೊಂಡಿರ್ತೀರಿ. ಅರವತ್ತು ದಾಟಿದವರಿಗೆ ನೋವಿಲ್ಲದ ಕಾಮಾಲೆ ಬಂದ್ರೆ ಅದೇ ಭಯಪಡಬೇಕಾದ ವಿಷಯ. ಕೋರ್ವಾಸಿಯೆ ನಿಯಮ ಅಂತ ವೈವಾಗೆ ಬಾಯಿಪಾಠ ಮಾಡಿದ್ದೆ: ಕಾಮಾಲೆ ಇದ್ದು, ಪಿತ್ತಕೋಶ ನೋವಿಲ್ಲದೆ ಉಬ್ಬಿ ಕೈಗೆ ಸಿಕ್ಕಿದ್ರೆ ಅದು ಕಲ್ಲಿನ ತೊಂದರೆ ಆಗಿರೋ ಸಾಧ್ಯತೆ ಕಡಿಮೆ, ಗಡ್ಡೆ ಇದೆಯಾ ಅಂತ ಹುಡುಕು. ಎಕ್ಸಾಮಿನರ್ ಕೇಳಿದ್ರೆ ನಿದ್ದೆಯಲ್ಲೂ ಹೇಳ್ತಿದ್ದೆ. ದೊಡ್ಡಪ್ಪ ಕೇಳಿದಾಗ ನೆನಪಾಗಲಿಲ್ಲ. ಅವರು ಎಕ್ಸಾಮಿನರ್ ಅಲ್ವಲ್ಲ.

ಮೂರು ವಾರ ಹೋಯ್ತು. ಆ ಮೂರು ವಾರ ಅವರು ಪಕ್ಕದ ಊರಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ ಕುಡಿದು, ಉಪ್ಪು ಬಿಟ್ಟು ಪಥ್ಯ ಮಾಡಿದ್ರು. ಊರಿನ ಔಷಧಿ ಕೊಟ್ಟವರನ್ನ ಬೈಯೋದು ಸುಲಭ. ಆದ್ರೆ "ಪುಟ್ಟಿ ಡಾಕ್ಟ್ರೇ ಭಯ ಇಲ್ಲ ಅಂದಳು" ಅನ್ನೋ ಧೈರ್ಯದ ಮೇಲೇ ಅವರು ಅಲ್ಲಿಗೆ ಹೋಗಿದ್ದು.

(ಪೋಸ್ಟ್ 2)

ಇದು ನನ್ನ ನೋಟ್‌ಬುಕ್ ಚಿತ್ರ. ಕೆಟ್ಟದಾಗಿದೆ, ನಗಬೇಡಿ.

ಹಬ್ಬಕ್ಕೆ ಊರಿಗೆ ಹೋದಾಗ ಅವರನ್ನ ನೋಡಿದೆ. ಕೈ ತುಂಬಾ ಕೆರೆದ ಗೀರು. ಪಂಚೆ ಸೊಂಟದಲ್ಲಿ ನಿಲ್ತಿರಲಿಲ್ಲ. ದೊಡ್ಡಮ್ಮ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದ್ರು, "ಎರಡಕ್ಕೆ ಹೋದ್ರೆ ಸುಣ್ಣದ ಬಣ್ಣ ಕಣವ್ವ." ಅಲ್ಲಿಗೆ ನನ್ನ ಕಾಲು ತಣ್ಣಗಾಯ್ತು. ಪಿತ್ತರಸ ಕರುಳಿಗೆ ಇಳೀತಾ ಇಲ್ಲ, ಎಲ್ಲೋ ಪೂರ್ತಿ ಮುಚ್ಚಿದೆ ಅಂತ ಅರ್ಥ.

ಸಿಟಿ ಸ್ಕ್ಯಾನ್‌ನಲ್ಲಿ ಬಂತು: ಪ್ಯಾಂಕ್ರಿಯಾಸ್ ತಲೆಭಾಗದಲ್ಲಿ ಗಡ್ಡೆ.

ಪ್ಯಾಂಕ್ರಿಯಾಸ್ ಅಂದ್ರೆ ಶಾಲೆಯಲ್ಲಿ ಮೇದೋಜೀರಕ ಗ್ರಂಥಿ ಅಂತ ಓದಿರ್ತೀರಿ. ಇನ್ಸುಲಿನ್ ಮಾಡೋದೂ ಅದೇ, ಊಟ ಅರಗಿಸೋ ರಸ ಮಾಡೋದೂ ಅದೇ. ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡು ಅಡ್ಡಡ್ಡ ಮಲಗಿರುತ್ತೆ. ಅದರ ತಲೆಯನ್ನ ಸಣ್ಣ ಕರುಳಿನ ಮೊದಲ ಭಾಗ ಹಂಸದ ಕತ್ತಿನ ಥರ ಸುತ್ತಿಕೊಂಡಿರುತ್ತೆ. ಪಿತ್ತನಾಳ ಆ ತಲೆಯೊಳಗಿಂದಲೇ ಹಾದು ಬರುತ್ತೆ, ಅದಕ್ಕೇ ಅಲ್ಲಿ ಗಡ್ಡೆ ಆದ್ರೆ ಕಾಮಾಲೆ. ಹಿಂಬದಿಯಲ್ಲೇ ಕರುಳಿನ ರಕ್ತ ಎಲ್ಲಾ ಲಿವರ್‌ಗೆ ಒಯ್ಯೋ ದೊಡ್ಡ ಸಿರೆ. ಚಿತ್ರದಲ್ಲಿ ನೀಲಿ ಪೆನ್ನಲ್ಲಿ ಬರೆದಿರೋದು ಅದೇ. ಗಡ್ಡೆಗೂ ಆ ಸಿರೆಗೂ ಎಷ್ಟು ಅಂತರ ಇದೆ ಅನ್ನೋದರ ಮೇಲೆ ಆಪರೇಷನ್ ಆಗುತ್ತಾ ಇಲ್ವಾ ಅನ್ನೋದೇ ನಿಂತಿರುತ್ತೆ. ದೊಡ್ಡಪ್ಪನ ಅದೃಷ್ಟ, ಅಂತರ ಇತ್ತು. ಈ ಕಾಯಿಲೆ ಗೊತ್ತಾಗೋ ಹೊತ್ತಿಗೆ ಹೆಚ್ಚಿನವರಿಗೆ ಆಪರೇಷನ್ ಹಂತ ದಾಟಿರುತ್ತೆ. ನೆರೆಯ ಗೋವಾದ ಮುಖ್ಯಮಂತ್ರಿ ಮನೋಹರ್ ಪರಿಕ್ಕರ್ 2019ರಲ್ಲಿ ತೀರಿಕೊಂಡಿದ್ದು ಇದೇ ಕ್ಯಾನ್ಸರ್‌ನಿಂದ, ನಿಮಗೆ ನೆನಪಿರಬಹುದು.

ಬಿಲಿರುಬಿನ್ 18 ಇತ್ತು. ಮೊದಲು ಎಂಡೋಸ್ಕೋಪಿಯಲ್ಲಿ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿ ಹಳದಿ ಇಳಿಸಿದ್ರು. ಆಮೇಲೆ ಮಾಡಬೇಕಾದ ಆಪರೇಷನ್ ಹೆಸರು ವಿಪ್ಪಲ್.

ನ್ಯೂಯಾರ್ಕ್‌ನ ಸರ್ಜನ್ ಅಲೆನ್ ವಿಪ್ಪಲ್ 1935ರಲ್ಲಿ ವರದಿ ಮಾಡಿದ ಆಪರೇಷನ್ ಇದು. ಅವರಿಗಿಂತ ಮುಂಚೆ ಜರ್ಮನಿಯ ವಾಲ್ಟರ್ ಕೌಶ್ ಮಾಡಿದ್ರು, ಆದ್ರೆ ಹೆಸರು ವಿಪ್ಪಲ್‌ಗೇ ಅಂಟಿಕೊಂಡಿತು. ಪ್ಯಾಂಕ್ರಿಯಾಸ್ ತಲೆ, ಸುತ್ತಿಕೊಂಡಿರೋ ಕರುಳು, ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಕೆಲವು ಸಲ ಜಠರದ ತುದಿ, ಎಲ್ಲಾ ಒಟ್ಟಿಗೆ ತೆಗೀತಾರೆ. ತೆಗೆದರೆ ಮುಗೀಲಿಲ್ಲ. ಉಳಿದ ಪ್ಯಾಂಕ್ರಿಯಾಸ್, ಪಿತ್ತನಾಳ, ಜಠರ, ಮೂರನ್ನೂ ಮತ್ತೆ ಕರುಳಿಗೆ ಹೊಲೀಬೇಕು. ಮೂರು ಜೋಡಣೆ. ಎರಡು ಜೋಡಣೆ ಹೇಗೋ ಹಿಡ್ಕೊಳ್ಳುತ್ತೆ. ಪ್ಯಾಂಕ್ರಿಯಾಸ್ ಜೋಡಣೆ ಮಾತ್ರ ಸರ್ಜನ್‌ಗಳ ನಿದ್ದೆ ಕೆಡಿಸುತ್ತೆ. ಆ ಗ್ರಂಥಿ ಬೆಣ್ಣೆ ಥರ ಮೆತ್ತಗಿದ್ರೆ ದಾರ ಕೊಯ್ದುಕೊಂಡು ಬರುತ್ತೆ. ಸೋರಿದ್ರೆ ಹೊರಗೆ ಬರೋದು ಮಾಂಸವನ್ನೇ ಅರಗಿಸೋ ರಸ, ಪಕ್ಕದ ರಕ್ತನಾಳಕ್ಕೆ ತಾಗಿದ್ರೆ ಅದನ್ನೂ ತಿನ್ನುತ್ತೆ.

ಇಷ್ಟೂ ನನಗೆ ಆಗ ಪುಸ್ತಕದಲ್ಲಿ ಗೊತ್ತಿತ್ತು. ಆದ್ರೂ ನನ್ನ ತಲೆಯಲ್ಲಿ ಇದ್ದಿದ್ದು ಒಂದೇ: ಹೊಟ್ಟೆ ಕೊಯ್ಯಬಾರದು.

(ಪೋಸ್ಟ್ 3)

ಇದು ಬರೀ ಖಾಲಿ ಕಾರಿಡಾರ್ ಫೋಟೋ. ಜಗಳ ಆಗಿದ್ದು ಇಲ್ಲಲ್ಲ, ಇದರ ಥರದ್ದೇ ಇನ್ನೊಂದು ಆಸ್ಪತ್ರೆಯಲ್ಲಿ. ಹೆಸರು ಕೇಳಬೇಡಿ.

ನಮ್ಮ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡ್ತಿದ್ರು. ಅಣ್ಣ, ಅಂದ್ರೆ ದೊಡ್ಡಪ್ಪನ ಮಗ, "ನೀನು ಹೇಳ್ದಂಗೆ" ಅಂದುಬಿಟ್ಟ. ನಾನು ರಾತ್ರಿಯೆಲ್ಲಾ ರೀಲ್ಸ್ ನೋಡಿದ್ದೆ. ರೋಬೋಟ್ ಕೈ ದ್ರಾಕ್ಷಿ ಸಿಪ್ಪೆ ಸುಲಿಯೋದು, ನಾಲ್ಕು ದಿನಕ್ಕೆ ನಗ್ತಾ ಮನೆಗೆ ಹೋಗೋ ಪೇಷಂಟ್. ಇನ್ನೊಂದು ಊರಿನ ಒಂದು ಖಾಸಗಿ ಆಸ್ಪತ್ರೆಗೆ ಫೋನ್ ಮಾಡಿ ರೋಬೋಟ್ ರೇಟ್ ಕೇಳಿದೆ. ಅಂಕಿ ಬರೆಯಲ್ಲ, ನಾಲೆ ಪಕ್ಕದ ಅರ್ಧ ಎಕರೆ ಗದ್ದೆ ಹೋಗ್ತಿತ್ತು ಅಷ್ಟೇ. ದೊಡ್ಡಪ್ಪನಿಗೆ ಹೇಳಿದಾಗ, "ರೋಬೋ ಬಂದ್ರೆ ಅದ್ಕೂ ಕಾಫಿ ಕೊಡ್ಬೇಕಾ?" ಅಂದ್ರು. ಗದ್ದೆ ವಿಷಯ ಮಾತ್ರ ಮಾತಾಡಲಿಲ್ಲ. ಎದ್ದು ಹೊರಗೆ ಹೋದ್ರು.

ನಮ್ಮ ಸರ್ಜನ್ ಸಿಟಿ ಫಿಲಂ ನೋಡಿ, "ಓಪನ್ ಮಾಡ್ತೀನಿ" ಅಂದ್ರು. ನಾನು ಎದ್ದು ನಿಂತು ಕೇಳಿದೆ: "ಸಾರ್, ಗಾಲ್ ಬ್ಲಾಡರ್ ಎಲ್ಲಾ ಕಡೆ ಲ್ಯಾಪ್ರೊಸ್ಕೋಪಿಯಲ್ಲೇ ಮಾಡ್ತಾರೆ. ಇದನ್ನ ಯಾಕೆ ಮಾಡಲ್ಲ? ನಿಮ್ಮಲ್ಲಿ ಮಷೀನ್ ಇಲ್ವಾ?"

ಕೊನೆಯ ಪ್ರಶ್ನೆ ನೆನೆಸಿಕೊಂಡ್ರೆ ಈಗಲೂ ಕಿವಿ ಬಿಸಿಯಾಗುತ್ತೆ.

ಅವರು ಸಿಟ್ಟಾಗಲಿಲ್ಲ. "ಕ್ಯಾಮೆರಾ ಇದೆಯಮ್ಮ. ದಿನಾ ಉಪಯೋಗಿಸ್ತೀನಿ. ತೂತು ಹಾಕಿ ಒಳಗೆ ಹೋಗೋದು ದೊಡ್ಡ ವಿಷಯ ಅಲ್ಲ, ಒಳಗೆ ಮಾಡೋ ಕೆಲಸ ಎರಡರಲ್ಲೂ ಅಷ್ಟೇ ಇದೆ" ಅಂದ್ರು. ಆಮೇಲೆ ಪೆನ್ ಕೆಳಗಿಟ್ಟು ಹೇಳಿದ್ರು, "ಓಪನ್ ವಿಪ್ಪಲ್ ನೂರರ ಮೇಲೆ ಮಾಡಿದ್ದೀನಿ. ಲ್ಯಾಪ್‌ನಲ್ಲಿ ಆರು. ನಿಮ್ಮ ದೊಡ್ಡಪ್ಪ ಏಳನೆಯವರಾಗಬೇಕಾ, ಯೋಚನೆ ಮಾಡಿ ಹೇಳು."

ನಾನು ಬಾಯಿ ಮುಚ್ಚಿದೆ. ಒಪ್ಪಿಕೊಂಡು ಅಲ್ಲ, ಅವಮಾನಕ್ಕೆ. ಹೊರಗೆ ಬಂದು ಅಣ್ಣನ ಹತ್ರ "ಇವರಿಗೆ ಬರಲ್ಲ, ಅದಕ್ಕೆ ಹೀಗಂತಾರೆ" ಅಂದೆ. ನಿರ್ಧಾರ ಮಾಡಿದ್ದು ದೊಡ್ಡಪ್ಪ. "ಆರು ಅಂತ ಬಾಯಿಬಿಟ್ಟು ಹೇಳ್ದನಲ್ಲ, ಅವನ ಕೈಲೇ ಆಗ್ಲಿ" ಅಂದ್ರು.

(ಪೋಸ್ಟ್ 4: ಇದು ಉದ್ದ ಇದೆ, ಟೀ ಇಟ್ಕೊಂಡು ಓದಿ)

ನನ್ನ ಪ್ರಶ್ನೆ ದಡ್ಡ ಪ್ರಶ್ನೆ ಆಗಿರಲಿಲ್ಲ. ಗಾಲ್ ಬ್ಲಾಡರ್ ಆಪರೇಷನ್ ನಿಜವಾಗ್ಲೂ ಕೆಲವೇ ವರ್ಷಗಳಲ್ಲಿ ಪೂರ್ತಿ ಬದಲಾಯ್ತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲು ಮಾಡಿದ್ರು, 1990ರಲ್ಲಿ ಮುಂಬೈಯಲ್ಲಿ ಡಾ. ಟೆಹೆಮ್ಟನ್ ಉದ್ವಾಡಿಯಾ ಭಾರತಕ್ಕೆ ತಂದ್ರು. ಈಗ ತಾಲ್ಲೂಕು ಊರುಗಳಲ್ಲೂ ಆಗುತ್ತೆ. (ಊರಲ್ಲಿ ಇದನ್ನ ಲೇಸರ್ ಆಪರೇಷನ್ ಅಂತಾರೆ. ಲೇಸರ್ ಅಲ್ಲ. ಸಣ್ಣ ತೂತು, ಒಂದು ಕ್ಯಾಮೆರಾ, ಉದ್ದ ಕಡ್ಡಿಯಂಥ ಸಾಧನ, ಹೊಟ್ಟೆ ಉಬ್ಬಿಸಲು ಕಾರ್ಬನ್ ಡೈ ಆಕ್ಸೈಡ್ ಗಾಳಿ. ಅಷ್ಟೇ.)

ವಿಪ್ಪಲ್ ಅನ್ನೂ ಹಾಗೆ ಮಾಡಬಹುದು ಅಂತ ತೋರಿಸಿದ್ದು 1994ರಲ್ಲಿ, ಕೆನಡಾದ ಮಿಷೆಲ್ ಗಾನ್ಯೆ ಮತ್ತು ಆಲ್ಫನ್ಸ್ ಪೊಂಪ್. ಅಲ್ಲಿಂದ ಮೂವತ್ತು ವರ್ಷ ದಾಟಿದೆ. ಗಾಲ್ ಬ್ಲಾಡರ್ ಲೆಕ್ಕದಲ್ಲಿ ಇಷ್ಟೊತ್ತಿಗೆ ಎಲ್ಲರೂ ಇದನ್ನೇ ಮಾಡ್ತಿರಬೇಕಿತ್ತು. ಮಾಡ್ತಿಲ್ಲ. ಗಾನ್ಯೆ ಅವರೇ 1997ರಲ್ಲಿ ಹತ್ತು ಪೇಷಂಟ್‌ಗಳ ಲೆಕ್ಕ ಕೊಟ್ಟಾಗ, ನಾಲ್ವರಲ್ಲಿ ಅರ್ಧದಲ್ಲೇ ಹೊಟ್ಟೆ ತೆರೆಯಬೇಕಾಗಿ ಬಂದಿತ್ತು.

ಯಾಕೆ ಅಂತ ನನಗೆ ಅರ್ಥ ಆಗಿದ್ದು ಪಿಜಿ ಸೇರಿ ಮೊದಲ ಜರ್ನಲ್ ಕ್ಲಬ್‌ನಲ್ಲಿ. ಸೀನಿಯರ್ ನನ್ನ ಕೈಗೆ ಒಂದು ಪೇಪರ್ ಕೊಟ್ಟು "ಶುಕ್ರವಾರ ಪ್ರೆಸೆಂಟ್ ಮಾಡು" ಅಂದ್ರು. ಹೆಸರು ಲೆಪರ್ಡ್-2. ಸಂಶೋಧನೆಗೆ ಚಿರತೆ, ಡಿಪ್ಲೊಮಾ ಅಂತೆಲ್ಲ ಹೆಸರಿಡೋದು ನಮ್ಮ ಫೀಲ್ಡಿನ ಚಟ.

ನೆದರ್ಲೆಂಡ್ಸ್‌ನ ನಾಲ್ಕು ಆಸ್ಪತ್ರೆ. ಲ್ಯಾಪ್ರೊಸ್ಕೋಪಿಕ್ ವಿಪ್ಪಲ್‌ಗೆ ಅಂತಲೇ ತರಬೇತಿ ಮುಗಿಸಿದ ಸರ್ಜನ್‌ಗಳು. ಪೇಷಂಟ್‌ಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ರು, 50 ಜನಕ್ಕೆ ತೂತು, 49 ಜನಕ್ಕೆ ಓಪನ್. ತೂತಿನ ಗುಂಪಲ್ಲಿ ತೊಂದರೆಯಾಗಿ 90 ದಿನದೊಳಗೆ ಸತ್ತವರು 5. ಓಪನ್ ಗುಂಪಲ್ಲಿ 1. ಬೇಗ ಚೇತರಿಸಿಕೊಳ್ತಾರೆ ಅನ್ನೋ ಆಸೆಯೂ ಈಡೇರಲಿಲ್ಲ: ತೂತಿನವರಿಗೆ 10 ದಿನ, ಓಪನ್‌ನವರಿಗೆ 8. ಸುರಕ್ಷತೆ ನೋಡೋ ಸಮಿತಿ ಟ್ರಯಲ್ ಅನ್ನ ಅರ್ಧಕ್ಕೇ ನಿಲ್ಲಿಸಿತು. 2019ರಲ್ಲಿ ಅದನ್ನ ಮುಚ್ಚಿಡದೆ ಪ್ರಕಟಿಸಿದ್ರು.

ಸ್ಟಾಟಿಸ್ಟಿಕ್ಸ್ ಹುಚ್ಚರು ಕಾಮೆಂಟಲ್ಲಿ ಹೇಳೋ ಮುಂಚೆ ನಾನೇ ಹೇಳ್ತೀನಿ: 5ಕ್ಕೂ 1ಕ್ಕೂ ಇರೋ ಈ ವ್ಯತ್ಯಾಸ ಲೆಕ್ಕದ ಪ್ರಕಾರ ಸಾಬೀತಾದದ್ದಲ್ಲ, ಸಂಖ್ಯೆ ಸಣ್ಣದು. ಆದ್ರೆ ಆ ಟೇಬಲ್ ಪ್ರೊಜೆಕ್ಟರ್ ಮೇಲೆ ಬಂದಾಗ ನನಗೆ ಕಂಡಿದ್ದು ಅಂಕಿ ಅಲ್ಲ. "ಏಳನೆಯವರಾಗಬೇಕಾ?" ಅನ್ನೋ ಧ್ವನಿ ಕೇಳಿಸ್ತು. ಅರ್ಧ ನಿಮಿಷ ಮಾತೇ ನಿಂತು ಹೋಯ್ತು. ಎಲ್ಲರೂ ಸ್ಲೈಡ್ ಹ್ಯಾಂಗ್ ಆಗಿದೆ ಅಂದುಕೊಂಡ್ರು.

ಹಾಗಂತ ತೂತಿನ ವಿಪ್ಪಲ್ ಕೆಟ್ಟದ್ದು ಅಂತ ಓದಿಕೊಳ್ಳಬೇಡಿ. ನಮ್ಮ ಪಕ್ಕದ ಕೊಯಮತ್ತೂರಿಗೆ ಬನ್ನಿ. ಅಲ್ಲಿ ಡಾ. ಪಳನಿವೇಲು ಮತ್ತು ಅವರ ತಂಡ ತೊಂಬತ್ತರ ದಶಕದ ಕೊನೆಯಿಂದಲೇ ಲ್ಯಾಪ್ರೊಸ್ಕೋಪಿಕ್ ವಿಪ್ಪಲ್ ಮಾಡ್ತಾ ಬಂದಿದ್ದಾರೆ. 2017ರಲ್ಲಿ ಅವರು ಪ್ರಕಟಿಸಿದ ಪ್ಲಾಟ್ ಟ್ರಯಲ್‌ನಲ್ಲಿ 64 ಪೇಷಂಟ್. ಆಪರೇಷನ್‌ಗೆ ಸಮಯ ಜಾಸ್ತಿ ಹಿಡೀತು, ಆದ್ರೆ ಆಸ್ಪತ್ರೆಯಲ್ಲಿ ಇರಬೇಕಾದ ದಿನ 13ರಿಂದ 7ಕ್ಕೆ ಇಳೀತು. ಯುರೋಪಿಗಿಂತ ಮೊದಲೇ ಈ ಆಪರೇಷನ್ ಮೇಲೆ ಇಂಥ ಟ್ರಯಲ್ ಮುಗಿಸಿದ್ದು ನಮ್ಮ ದಕ್ಷಿಣದ ಒಂದು ಊರು, ಇದನ್ನ ನಮ್ಮ ಕ್ಲಾಸ್‌ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಚೀನಾ. 14 ಆಸ್ಪತ್ರೆ, 656 ಪೇಷಂಟ್, 2021. ದೊಡ್ಡ ತೊಂದರೆ, ಸಾವು ಎರಡೂ ಕಡೆ ಹೆಚ್ಚುಕಡಿಮೆ ಸಮ. ಆಸ್ಪತ್ರೆ ವಾಸ 15 ದಿನ, 16 ದಿನ. ಒಂದೇ ಒಂದು ದಿನದ ಲಾಭ. ಈ ಟ್ರಯಲ್‌ಗೆ ಸೇರೋಕೆ ಸರ್ಜನ್ ಈಗಾಗಲೇ ಕನಿಷ್ಠ 104 ಲ್ಯಾಪ್ ವಿಪ್ಪಲ್ ಮಾಡಿರಬೇಕು ಅಂತ ಷರತ್ತು. ನೂರಾ ನಾಲ್ಕು! ಅದೇ ಆಪರೇಷನ್, ಒಂದು ದೇಶದಲ್ಲಿ ನಿಲ್ಲಿಸಿದ್ರು, ಇನ್ನೊಂದರಲ್ಲಿ ಸರಿಹೋಯ್ತು. ನನ್ನ ಮಟ್ಟಿಗೆ ಆ 104ರಲ್ಲೇ ಉತ್ತರದ ಬಹುಪಾಲು ಇದೆ.

ಬಾಲದ ಕಡೆ ಗಡ್ಡೆ ಆದ್ರೆ ಕಥೆಯೇ ಬೇರೆ. ಅಲ್ಲಿ ಬಾಲ ಮತ್ತು ಗುಲ್ಮ ತೆಗೆದು ತುದಿ ಮುಚ್ಚಿದ್ರೆ ಆಯ್ತು, ಮತ್ತೆ ಹೊಲಿಯೋ ಜೋಡಣೆಗಳಿಲ್ಲ. ಅದೇ ಡಚ್ಚರು ಮಾಡಿದ ಮೊದಲ ಲೆಪರ್ಡ್ ಟ್ರಯಲ್‌ನಲ್ಲಿ ತೂತಿನವರು 4 ದಿನಕ್ಕೆ ಚೇತರಿಸಿಕೊಂಡ್ರು, ಓಪನ್‌ನವರು 6 ದಿನಕ್ಕೆ. ಕ್ಯಾನ್ಸರ್ ಪೂರ್ತಿ ತೆಗೆಯೋಕಾಗುತ್ತಾ ಅನ್ನೋ ಅನುಮಾನ ಇತ್ತು. 2023ರಲ್ಲಿ ಬಂದ ಡಿಪ್ಲೊಮಾ ಟ್ರಯಲ್, 12 ದೇಶಗಳ 258 ಪೇಷಂಟ್‌ಗಳಲ್ಲಿ, ಅದರಲ್ಲೂ ಓಪನ್‌ಗಿಂತ ಕಮ್ಮಿ ಇಲ್ಲ ಅಂತ ತೋರಿಸಿತು. ಹಾಗಾಗಿ ಬಾಲಕ್ಕೆ ತೂತು ಬೇಗ ಒಗ್ಗಿತು, ತಲೆಗೆ ಇನ್ನೂ ಒಗ್ಗುತ್ತಾ ಇದೆ. ದೊಡ್ಡಪ್ಪನ ಗಡ್ಡೆ ಬಾಲದಲ್ಲಿದ್ದಿದ್ರೆ ನನ್ನ ಜಗಳ ನ್ಯಾಯವೇ ಆಗ್ತಿತ್ತೇನೋ.

(ಪೋಸ್ಟ್ 5)

ಶೂ ಡಬ್ಬ. ಮೇಲೆ ಮೂರು ತೂತು, ಒಳಗೆ ಹಳೇ ಮೊಬೈಲ್, ಅದರ ಕ್ಯಾಮೆರಾ ಲ್ಯಾಪ್‌ಟಾಪ್‌ಗೆ. ಒಳಗೆ ಬಾಳೆಹಣ್ಣಿನ ಸಿಪ್ಪೆ. ಹಾಸ್ಟೆಲ್‌ನಲ್ಲಿ ನಾನು ಲ್ಯಾಪ್ರೊಸ್ಕೋಪಿಕ್ ಹೊಲಿಗೆ ಕಲೀತಿರೋದು ಹೀಗೆ. ನೀವೂ ಮಾಡಿ ನೋಡಿ, ಮೆಡಿಕಲ್ ಅಲ್ಲದಿದ್ರೂ ಪರವಾಗಿಲ್ಲ, ಎರಡು ಉದ್ದ ಚಿಮಟ ಸಾಕು.

ದೋಟಿ ಕೋಲಲ್ಲಿ ಮಾವಿನಕಾಯಿ ಕಿತ್ತಿದ್ದೀರಲ್ಲ? ಕೋಲಿನ ತುದಿ ಎಲ್ಲೋ, ನಿಮ್ಮ ಕೈ ಎಲ್ಲೋ. ಈಗ ಆ ಕೋಲನ್ನ ಒಂದು ಕಿಟಕಿ ಸರಳಿನ ಮಧ್ಯೆ ತೂರಿಸಿ ಕೀಳೋಕೆ ಹೋಗಿ. ಕೈ ಬಲಕ್ಕೆ ಹೋದ್ರೆ ತುದಿ ಎಡಕ್ಕೆ ಹೋಗುತ್ತೆ. ಕಣ್ಣು ಬೇರೆ ಟಿವಿ ಮೇಲೆ. ಮೊದಲ ಗಂಟು ಹಾಕೋಕೆ ನನಗೆ 40 ನಿಮಿಷ ಬೇಕಾಯ್ತು, ಸಿಪ್ಪೆ ಹರಿದು ಹೋಗಿತ್ತು. ಆಗ ಅಂದುಕೊಂಡೆ, ಇದು ಬೆಣ್ಣೆಯಂಥ ಪ್ಯಾಂಕ್ರಿಯಾಸ್ ಆಗಿದ್ದಿದ್ರೆ? ಅದರೊಳಗಿನ ನಾಳ ಎರಡು ಮೂರು ಮಿಲಿಮೀಟರ್ ಇರುತ್ತೆ. ಐದು ಗಂಟೆ ನಿಂತ ಮೇಲೆ ಅದನ್ನ ಹೊಲೀಬೇಕು.

ರೋಬೋಟ್ ಬಂದಿದ್ದು ಈ ಕಷ್ಟಕ್ಕೆ. ಅದು ತಾನಾಗಿ ಏನೂ ಮಾಡಲ್ಲ. ಸರ್ಜನ್ ಪಕ್ಕದಲ್ಲಿ ಕೂತು ಕೈ ಆಡಿಸಿದ್ರೆ ಒಳಗಿನ ಸಾಧನ ಮಣಿಕಟ್ಟಿನ ಥರ ತಿರುಗುತ್ತೆ, ನಡುಕ ಇರಲ್ಲ, ಕೈ ಹೋದ ಕಡೆಗೇ ತುದಿ ಹೋಗುತ್ತೆ. ಲೆಪರ್ಡ್-2 ನಿಂತ ಮೇಲೆ ಡಚ್ಚರು ಕೈಕಟ್ಟಿ ಕೂರಲಿಲ್ಲ. ರೋಬೋಟ್ ಕಡೆ ತಿರುಗಿ, ಮೊದಲು ಸಿಮ್ಯುಲೇಟರ್, ಆಮೇಲೆ ಕೃತಕ ಅಂಗಗಳ ಮೇಲೆ ಜೋಡಣೆ ಹೊಲಿಯೋದು, ಆಮೇಲೆ ಅನುಭವ ಇರೋರನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ನಿಜವಾದ ಆಪರೇಷನ್, ಹೀಗೆ ದೇಶಕ್ಕೆಲ್ಲ ಒಂದೇ ತರಬೇತಿ ಮಾಡಿಕೊಂಡ್ರು. ನನಗೆ ಅಸೂಯೆ ಆಗೋದು ಅವರ ಮಷೀನ್ ನೋಡಿ ಅಲ್ಲ, ಈ ಕ್ರಮ ನೋಡಿ. ನಮ್ಮಲ್ಲಿ ಮಷೀನ್ ಬಂದ ವಾರಕ್ಕೇ ಸರ್ಕಲ್‌ನಲ್ಲಿ ಫ್ಲೆಕ್ಸ್ ಬೀಳುತ್ತೆ.

ಮೊನ್ನೆ ನಮ್ಮ ಸೀನಿಯರ್ ಒಬ್ಬರು ಬಾಲದ ಗಡ್ಡೆಯನ್ನ ಲ್ಯಾಪ್‌ನಲ್ಲಿ ತೆಗೆದ್ರು, ಕ್ಯಾಮೆರಾ ಹಿಡಿದಿದ್ದು ನಾನು. ಟಿವಿಯಲ್ಲಿ ಆ ನೀಲಿ ಸಿರೆ ಎಷ್ಟು ದೊಡ್ಡದಾಗಿ, ಎಷ್ಟು ಸ್ಪಷ್ಟವಾಗಿ ಕಾಣುತ್ತೆ ಗೊತ್ತಾ? ತೆರೆದ ಹೊಟ್ಟೆಯಲ್ಲಿ ರಿಟ್ರಾಕ್ಟರ್ ಎಳೆದು ನಿಂತವಳಿಗೆ ಅದು ಎಂದೂ ಕಂಡಿರಲಿಲ್ಲ. ಮೂರನೇ ದಿನ ಆ ಅಮ್ಮ ವಾರ್ಡ್‌ನಲ್ಲಿ ಓಡಾಡ್ಕೊಂಡು ಪಕ್ಕದ ಬೆಡ್‌ನವರ ಮಗುವನ್ನ ಎತ್ತಿಕೊಳ್ಳೋಕೆ ಹೋದ್ರು. ನಾನು ಬೈದೆ. ಬೈದು ಬಂದು ಡ್ಯೂಟಿ ರೂಮಲ್ಲಿ ನಕ್ಕೆ. ನಾನು ಇದನ್ನ ಕಲೀಬೇಕು, ಕಲೀತೀನಿ. ಆದ್ರೆ ನನ್ನ ಮೊದಲ ವಿಪ್ಪಲ್ ಯಾರದೋ ದೊಡ್ಡಪ್ಪನದೇ ಆಗಿರುತ್ತೆ ಅನ್ನೋದು ತಲೆಯಿಂದ ಹೋಗ್ತಾ ಇಲ್ಲ.

(ಪೋಸ್ಟ್ 6, ಕೊನೆಯದು)

"ಆಮೇಲೆ ಏನಾಯ್ತು" ಅಂತ ಮೂವತ್ತು ಮೆಸೇಜ್ ಬಂದಿದೆ. ಹೇಳ್ತೀನಿ.

ಆಪರೇಷನ್ ಆರೂವರೆ ಗಂಟೆ ಹಿಡೀತು. ಐದನೇ ದಿನ ಡ್ರೈನ್‌ನಲ್ಲಿ ಬಣ್ಣ ಬದಲಾಯ್ತು. ಅಮೈಲೇಸ್ ಟೆಸ್ಟ್ ಕಳಿಸಿದ್ರು, ಸಾವಿರಗಟ್ಟಲೆ ಬಂತು. ಸೋರಿಕೆ. ಓಪನ್ ಮಾಡಿದ್ರೂ, ನೂರು ಮಾಡಿದ ಕೈಯಲ್ಲೂ ಸೋರುತ್ತೆ, ಅದು ಈ ಅಂಗದ ಗುಣ. ಆ ಸರ್ಜನ್ ದಿನಾ ಎರಡು ಸಲ ಬಂದು ಡ್ರೈನ್ ಬಾಟಲಿಯನ್ನ ತಾವೇ ಬೆಳಕಿಗೆ ಹಿಡಿದು ನೋಡ್ತಿದ್ರು, ಭಾನುವಾರವೂ ಸಹ. ರಕ್ತಸ್ರಾವ ಆಗಲಿಲ್ಲ. 23ನೇ ದಿನ ಪೈಪ್ ಸಮೇತ ಮನೆಗೆ ಹೋದ್ರು. ಪೈಪ್ ತೆಗೆದು, ಮೈಗೆ ಸ್ವಲ್ಪ ಶಕ್ತಿ ಬರೋವರೆಗೂ ಕಾದು ಕಿಮೋ ಶುರು ಮಾಡಿದ್ರು, ಅಂದುಕೊಂಡಿದ್ದಕ್ಕಿಂತ ತಡವಾಗಿ. ತೂತಿನ ಆಪರೇಷನ್ ಮೇಲೆ ಜನ ಆಸೆ ಇಟ್ಟುಕೊಂಡಿರೋದಕ್ಕೆ ಇದೂ ಒಂದು ಕಾರಣ: ಬೇಗ ಎದ್ರೆ ಬೇಗ ಕಿಮೋ. ನಮ್ಮ ಮನೆಯಲ್ಲಿ ಅದಾಗಲಿಲ್ಲ. ಆರು ತಿಂಗಳ ಕಿಮೋದಲ್ಲಿ ಮೀಸೆಯೂ ತೆಳ್ಳಗಾಯ್ತು. ಅದಕ್ಕೇ ಈಗ ಮೀಸೆ ಮೇಲೆ ಅಷ್ಟು ಮೋಹ.

ತೆಗೆದ ಭಾಗದ ರಿಪೋರ್ಟ್‌ನಲ್ಲಿ ಎರಡು ಗ್ರಂಥಿಗೆ ಹರಡಿತ್ತು. ನಾನು ಕಳೆದ ಮೂರು ವಾರದಲ್ಲೇ ಅವು ಹರಡಿದ್ವಾ? ಒಂದು ಸಲ ಧೈರ್ಯ ಮಾಡಿ ಸರ್ಜನ್‌ನ ಕೇಳಿದೆ. "ಅದನ್ನ ಯಾರೂ ಹೇಳೋಕಾಗಲ್ಲಮ್ಮ" ಅಂದ್ರು. ಸಮಾಧಾನಕ್ಕೆ ಅಂದ್ರೋ, ನಿಜ ಅಂದ್ರೋ. ಅದೇ ದಿನ "ಮಷೀನ್ ಇಲ್ವಾ" ಅಂದಿದ್ದಕ್ಕೆ ಕ್ಷಮೆ ಕೇಳಿದೆ. ಅವರಿಗೆ ನೆನಪೇ ಇರಲಿಲ್ಲ. ಅಥವಾ ಇಲ್ಲ ಅಂದ್ರು.

ಈಗ ಅವರು ಊಟದ ಜೊತೆ ಎನ್ಜೈಮ್ ಮಾತ್ರೆ ನುಂಗ್ತಾರೆ, ಶುಗರ್ ಚೆಕ್ ಮಾಡಿಸ್ಕೊಳ್ತಾರೆ, ಹಬ್ಬದ ಹೋಳಿಗೆಗೆ ಆಸೆಪಟ್ಟು ಅರ್ಧಕ್ಕೆ ಬಿಡ್ತಾರೆ. ಊರಲ್ಲಿ ಯಾರಿಗಾದ್ರೂ ಕಣ್ಣು ಹಳದಿ ಆದ್ರೆ ಅರಳಿಕಟ್ಟೆ ಮೇಲೇ ಅಂಗಿ ಎತ್ತಿ ಗೆರೆ ತೋರಿಸಿ, "ನೋವಿಲ್ಲ ಅಂತ ಕೂರ್ಬೇಡ, ಮೊದ್ಲು ಸ್ಕ್ಯಾನ್ ಮಾಡ್ಸು" ಅಂತಾರೆ. ಹಾಗೆ ಹೋದ ಇಬ್ಬರಿಗೆ ಬರೀ ಕಲ್ಲು ಇತ್ತು. ಇಬ್ಬರಿಗೂ ತೂತಿನ ಆಪರೇಷನ್ನೇ ಆಯ್ತು. "ನನ್ನ ದುಡ್ಡಿಗೆ ಮಾತ್ರ ಉದ್ದ ಹೊಲಿಗೆ" ಅಂತ ನಗ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಈ ಆಪರೇಷನ್ ಅಂದ್ರೆ ಓಪನ್ನೋ ತೂತೋ ಅಂತ ಕೇಳೋ ಮುಂಚೆ, "ವರ್ಷಕ್ಕೆ ಎಷ್ಟು ಮಾಡ್ತೀರಿ ಸಾರ್, ಸೋರಿದ್ರೆ ರಾತ್ರಿ ಹೊತ್ತು ಯಾರಿರ್ತಾರೆ" ಅಂತ ಕೇಳಿ. ಬೈಸಿಕೊಂಡ್ರೂ ಪರವಾಗಿಲ್ಲ. ನನಗೆ ಮೆಸೇಜ್ ಮಾಡಿ ರಿಪೋರ್ಟ್ ಕಳಿಸಬೇಡಿ, ದಯವಿಟ್ಟು. ಫೋನಲ್ಲಿ ನಾನು ಎಂಥ ಡಾಕ್ಟ್ರು ಅಂತ ಮೊದಲ ಪೋಸ್ಟ್‌ನಲ್ಲೇ ಬರೆದಿದ್ದೀನಿ.

ಬರುವ ಬುಧವಾರ ದೊಡ್ಡಪ್ಪನ ಮುಂದಿನ ಸ್ಕ್ಯಾನ್. ಆರು ತಿಂಗಳಿಗೊಮ್ಮೆ ಬರೋ ಆ ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲ್ಲ. ನಾನು ರಜೆ ಹಾಕಿದ್ದೀನಿ. ಅವರು ಬೆಳಗ್ಗೆ ಆರರ ಬಸ್ಸಿಗೆ ಬರ್ತಾರೆ, ಬಸ್ ಸ್ಟ್ಯಾಂಡ್‌ಗೆ ನಾನೇ ಹೋಗ್ತೀನಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಎರಡು ಸಲ ಹೇಳಿದ್ದಕ್ಕೆ, "ಗೊತ್ತು ಕಣವ್ವ, ನಂಗೇ ಹೇಳ್ತೀಯಾ" ಅಂದ್ರು.